ಗಾಂಗೇಯಭೂಷಣಿ ಕಲಿಸಿದ ನಮ್ಮ ಮೇಷ್ಟ್ರು

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಹಳೇ ಗೆಳೆಯರ ವಾಟ್ಸ್‌ಆಪ್ ಗುಂಪಿನಲ್ಲಿ ಒಂದೇ ಸಾಲು ಬಂತು. ‘ಪಿಟೀಲು ಮೇಷ್ಟ್ರು ಹೋಗ್ಬಿಟ್ರು ಕಣ್ರೋ.’ ಬೆಂಗಳೂರಿನಲ್ಲಿ ಆಫೀಸಿಗೆ ಹೊರಟಿದ್ದವನು ಶೂ ಬಿಚ್ಚಿ ಒಳಗೆ ಬಂದು ಕೂತುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಮಂಡ್ಯದಲ್ಲಿದ್ದೆ. ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯವರು ಕೇಳಿದಾಗ ಬೇರೆ ವಿಷಯವೇ ತಲೆಗೆ ಬರಲಿಲ್ಲ.

ನಾನು ಇಲ್ಲಿ ಓದಿದ್ದು 1982ರಿಂದ 1985ರವರೆಗೆ. ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ಕಬ್ಬು ಅರೆಯುವ ಕಾಲ ಬಂದರೆ ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ ಕ್ಲಾಸಿನೊಳಗೇ ಬಂದು ಕೂರುತ್ತಿತ್ತು. ಆಗ ಏನೇನು ಪಾಠ ಇತ್ತು ಅಂದರೆ ಜಾಸ್ತಿ ನೆನಪಿಲ್ಲ. ಆ ವಾಸನೆ ಮತ್ತು ಮೇಷ್ಟ್ರ ಪಿಟೀಲು ಮಾತ್ರ ಹಾಗೇ ಇವೆ.

ಅವರು ಸಂಗೀತದ ಮೇಷ್ಟ್ರಲ್ಲ, ಗಣಿತದ ಮೇಷ್ಟ್ರು. ಸ್ಟಾಫ್ ರೂಮಿನ ಬೀರುವಿನ ಮೇಲೆ ಪಿಟೀಲಿನ ಪೆಟ್ಟಿಗೆ ಇರುತ್ತಿತ್ತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದರು. ಬಂದವರು ಬರಬಹುದು, ಫೀಸಿಲ್ಲ. ಚಕ್ಕಂಬಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಬಲಗಾಲಿನ ಪಾದದ ಮೇಲೆ ಊರಿ, ಸ-ಪ-ಸ-ಪ ಅಂತ ನಾಲ್ಕು ತಂತಿ ಕೂಡಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ನಾವು ಚಡಪಡಿಸಿದರೆ ‘ಇದೂ ಸಂಗೀತಾನೇ ಕಣ್ರಯ್ಯಾ, ಕೇಳಿಸ್ಕೊಳ್ಳಿ’ ಅನ್ನುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಗಣಿತದ ಪೀರಿಯಡ್ಡಿಗೆ ಬಂದವರೇ ನಾಲ್ಕು ಕುರ್ಚಿ ಸಾಲಾಗಿ ಇಡಿಸಿದರು. ನನ್ನನ್ನೂ ನನ್ನ ಪಕ್ಕದವನನ್ನೂ ಕರೆದರು. ‘ನೀನು ರಿಷಭ, ಅಂದ್ರೆ ರಿ. ಅವನು ಗಾಂಧಾರ, ಅಂದ್ರೆ ಗ. ನಾಲ್ಕು ಜಾಗ ಇದೆ, ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ. ಆದ್ರೆ ಗಾಂಧಾರ ಯಾವಾಗ್ಲೂ ರಿಷಭಕ್ಕಿಂತ ಮುಂದೆ ಇರೋ ಯಾವ್ದಾದ್ರೂ ಕುರ್ಚೀಲೇ ಇರ್ಬೇಕು. ಎಷ್ಟು ಥರ ಕೂರ್ತೀರಿ?’ ಎದ್ದು ಎದ್ದು ಕೂತೆವು. ಕ್ಲಾಸೆಲ್ಲ ಎಣಿಸಿತು. ಆರು ಥರ. ಧೈವತ, ನಿಷಾದಕ್ಕೂ ಅದೇ ಲೆಕ್ಕ, ಆರು. ಆರಾರಲಿ ಮೂವತ್ತಾರು. ಮಧ್ಯಮ ಎರಡು ಬಗೆ, ಹಾಗಾಗಿ 72. ‘ಸ, ಪ ಮಾತ್ರ ಅಲ್ಲಾಡಲ್ಲ, ಮನೆಯ ದೊಡ್ಡೋರ ಥರ’ ಅಂದರು. 72 ಮೇಳಕರ್ತ ರಾಗಗಳು, ಅಂದರೆ ಬೇರೆ ರಾಗಗಳಿಗೆ ತಾಯಿಯಂಥ ರಾಗಗಳು, ನಮ್ಮ ತಲೆಗೆ ಹೊಕ್ಕಿದ್ದು ಹೀಗೆ, ನಾಲ್ಕು ಕುರ್ಚಿಗಳಿಂದ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ 96 ಬಂತು. ಆ ವರ್ಷ ನಮ್ಮ ಶಾಲೆಗೇ ಅದು ಜಾಸ್ತಿ. ಆ ಅಂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮೇಷ್ಟ್ರದು.

ಮಾರನೇ ವಾರ ಇನ್ನೊಂದು ಬೆರಗು ತೋರಿಸಿದರು. ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ನಂಬರ್ ಅಡಗಿದೆ ಅಂದರು. ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟ. ಕ ಒಂದು, ಖ ಎರಡು, ಗ ಮೂರು ಅಂತ ಎಣಿಸಬೇಕು. ಟ, ಪ, ಯ ಬಂದಾಗ ಮತ್ತೆ ಒಂದರಿಂದ ಶುರು. ಮಾಯಾಮಾಳವಗೌಳದಲ್ಲಿ ‘ಮಾ’ ಐದು, ‘ಯಾ’ ಒಂದು. ತಿರುಗಿಸಿ ಓದಿದರೆ 15. ಅದು 15ನೇ ಮೇಳ! ಇದನ್ನು ಕಂಡ ಮಾರನೇ ದಿನವೇ ನಾವು ನಾಲ್ಕು ಜನ ಈ ವಿದ್ಯೆಯನ್ನು ಬೇರೆ ಕೆಲಸಕ್ಕೆ ಹಚ್ಚಿದೆವು.

ಆಗ ದುಂಡು ಕನ್ನಡಕದ ಒಬ್ಬ ಮೇಷ್ಟ್ರಿದ್ದರು, ಬಹಳ ಕಟ್ಟುನಿಟ್ಟು. ಹುಡುಗರು ಅವರಿಗೆ ‘ಗೂಬೆ’ ಅಂತ ಹೆಸರಿಟ್ಟಿದ್ದರು. ಗ ಮೂರು, ಬ ಮೂರು. ನಮ್ಮ ಚೀಟಿಗಳಲ್ಲಿ ಅವರು 33. ಕೊನೇ ಬೆಂಚಿನಲ್ಲಿ ನಿದ್ದೆ ಹೊಡೆಯುವ ಗೆಳೆಯ ‘ಕೋತಿ’, ಅಂದರೆ 61. ಒಂದು ದಿನ ನಾನು ಬರೆದ ಚೀಟಿ ಹೆಡ್‌ಮಾಸ್ಟರ ಕೈಗೆ ಸಿಕ್ಕಿತು. ‘33 ಬರ್ತಾ ಇದೆ. 61 ಇನ್ನೂ ಎದ್ದಿಲ್ಲ.’

ನಾಲ್ವರನ್ನೂ ಆಫೀಸ್ ರೂಮಿನಲ್ಲಿ ನಿಲ್ಲಿಸಿದರು. ಹೆಡ್‌ಮಾಸ್ಟರಿಗೆ ಅದು ಮಟ್ಕಾ ನಂಬರ್ ಅನ್ನೋ ಅನುಮಾನ. ಪಕ್ಕದಲ್ಲೇ ದುಂಡು ಕನ್ನಡಕದ ಮೇಷ್ಟ್ರೂ ಇದ್ದರು. ನನಗೆ ಕಾಲು ನಡುಗುತ್ತಿತ್ತು. ಅಷ್ಟರಲ್ಲಿ ನಮ್ಮ ಮೇಷ್ಟ್ರು ಹಾಜರಿ ಪುಸ್ತಕ ಇಡಲು ಒಳಗೆ ಬಂದರು. ಚೀಟಿ ಈಸ್ಕೊಂಡು ನೋಡಿದರು. ಒಂದು ಕ್ಷಣವೂ ತಡೆಯಲಿಲ್ಲ. ‘ಇದಾ ಸಾರ್? 33 ಅಂದ್ರೆ ಗಾಂಗೇಯಭೂಷಣಿ. 61 ಕಾಂತಾಮಣಿ. ಮೇಳಕರ್ತ ಕಲೀರಿ ಅಂದಿದ್ದೆ. 33 ಬರ್ತಾ ಇದೆಯಂತೆ, 61 ಇನ್ನೂ ಗಂಟಲಲ್ಲಿ ಎದ್ದಿಲ್ಲವಂತೆ.’ ಹೆಡ್‌ಮಾಸ್ಟರು ಭೇಷ್ ಅಂದು ಕಳಿಸಿಬಿಟ್ಟರು.

ಹೊಂಗೆ ಮರದ ಹತ್ತಿರ ಬಂದ ಮೇಲೆ ಮೇಷ್ಟ್ರು ತಿರುಗಿ ನಿಂತರು. ‘ಗೂ ಮೂರು, ಬೆ ಮೂರು. ನನಗೆ ಲೆಕ್ಕ ಬರಲ್ಲ ಅಂದ್ಕೊಂಡ್ರಾ?’ ನಾವು ತಲೆ ಎತ್ತಲಿಲ್ಲ. ‘ನಿಮಗೋಸ್ಕರ ಈಗ ಒಂದು ಸುಳ್ಳು ಹೇಳಿ ಬಂದಿದ್ದೀನಿ. ಅದನ್ನ ನಿಜ ಮಾಡೋದು ನಿಮ್ಮ ಕೆಲಸ’ ಅಂದರು.

ಬೆತ್ತದ ಏಟು ಎಷ್ಟೋ ವಾಸಿ ಅನ್ನಿಸಿತು. ಎಲ್ಲರೂ ಮೊದಲು ಕಲಿಯುವ ಸರಳೆ ವರಸೆ ಇರೋದು ಮಾಯಾಮಾಳವಗೌಳದಲ್ಲಿ. ಗಾಂಗೇಯಭೂಷಣಿಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಸ್ವರ, ರಿಷಭ. ಆದರೆ ಆ ಒಂದು ಸ್ವರ ಜೀವ ತಿನ್ನುತ್ತದೆ. ಮಾಯಾಮಾಳವಗೌಳದ ರಿಷಭ ಷಡ್ಜದ, ಅಂದರೆ ‘ಸ’ದ, ಪಕ್ಕದಲ್ಲೇ ಇದೆ. ಇಲ್ಲಿನ ಷಟ್‌ಶ್ರುತಿ ರಿಷಭ ಷಡ್ಜ ಬಿಟ್ಟು ದೂರ ನೆಗೆದು, ಗಾಂಧಾರಕ್ಕೆ ಅಂಟಿಕೊಂಡು ಕೂತಿರುತ್ತದೆ. ಹಾಡಲು ಹೋದರೆ ಸುಮ್ನೆ ಗಾಂಧಾರಕ್ಕೇ ಜಾರಿಬಿಡುತ್ತೇವೆ. ಮೂರು ವಾರ, ದಿನಾ ಸಂಜೆ ಐದೂವರೆವರೆಗೆ ಅದೇ. ಜಾರಿದಾಗಲೆಲ್ಲ ಮೇಷ್ಟ್ರು ಬೈಯುತ್ತಿರಲಿಲ್ಲ. ಪಿಟೀಲಿನ ಮೇಲೆ ಬೆರಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ‘ಇಲ್ಲಿ’ ಅನ್ನುತ್ತಿದ್ದರು. ‘ಮತ್ತೆ ಮೊದಲಿಂದ.’ ಕೊನೆಗೆ ಸ್ಕೂಲ್ ಡೇ ದಿನ ವೇದಿಕೆ ಮೇಲೆ ಹಾಡಿಸಿದರು. ದುಂಡು ಕನ್ನಡಕದ ಮೇಷ್ಟ್ರು ಮೊದಲ ಸಾಲಿನಲ್ಲಿ ಕೂತು ತಾಳ ಹಾಕಿದರು. ಇಳಿದು ಬಂದಾಗ ನನ್ನ ಬೆನ್ನು ತಟ್ಟಿ ಜೇಬಿನಿಂದ ಎರಡು ರೂಪಾಯಿ ತೆಗೆದುಕೊಟ್ಟರು. ಆಮೇಲೆ ಅವರಿಗೆ ಆ ಹೆಸರು ಹಿಡಿದು ಕರೆಯಲು ನಮ್ಮ ನಾಲ್ವರಿಗೂ ಬಾಯಿ ಬರಲಿಲ್ಲ.

ಗಣಪತಿ ಹಬ್ಬದ ಸಮಯದಲ್ಲಿ ಮೇಷ್ಟ್ರು ನಮ್ಮನ್ನು ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದರು. ಆಗಿನ್ನೂ ಮೀಟರ್ ಗೇಜ್. ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಪೆಂಡಾಲಿನಲ್ಲಿ, ದೊಡ್ಡ ದೊಡ್ಡ ವಿದ್ವಾಂಸರ ಕಚೇರಿಯನ್ನು ಬೀದಿಯಲ್ಲಿ ಕೂತು ಕೇಳಿದೆವು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದ ಬಾಗಿಲಲ್ಲಿ ಮೇಷ್ಟ್ರು ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಿಟೀಲು ಚೌಡಯ್ಯನವರ ಗುರುಗಳು ಕೃಷ್ಣಪ್ಪನವರು. ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ಚೌಡಯ್ಯನವರು ನಾಲ್ಕು ತಂತಿಯನ್ನು ಏಳು ಮಾಡಿದರು ಅನ್ನೋದನ್ನು ವಾಪಸ್ಸು ಬರುವಾಗ, ಶ್ರೀರಂಗಪಟ್ಟಣ ದಾಟಿದ ಮೇಲೆ, ನಿದ್ದೆಗಣ್ಣಲ್ಲಿ ಕೇಳಿಸಿಕೊಂಡೆ. ‘ಕೊನೇ ಬೆಂಚಿನವನಿಗೂ ಕೇಳ್ಬೇಕು ಕಣಯ್ಯಾ, ಪಾಠಾನೂ ಅಷ್ಟೇ’ ಅಂದಿದ್ದರು.

ಮುಂದೆ ನಾನು ಎಂಜಿನಿಯರ್ ಆದೆ. ಈಗ ನನ್ನ ಕೈಕೆಳಗೆ ನಲವತ್ತು ಜನ ಇದ್ದಾರೆ. ಹೊಸಬರಿಗೆ ಏನಾದರೂ ವಿವರಿಸುವಾಗ ನಾನೂ ಕುರ್ಚಿ ಎಳೆದು ಇಡುತ್ತೇನೆ. ಅವರಿಗೆ ಅರ್ಥವಾಗುತ್ತದೆ, ಅದು ನನಗೆ ಹೆಮ್ಮೆ. ಮೇಷ್ಟ್ರು ನಿವೃತ್ತರಾದ ಮೇಲೆ ನಾವು ಗೆಳೆಯರೇ ಆಗಿಬಿಟ್ಟೆವು. ಭಾನುವಾರ ಫೋನ್ ಮಾಡಿ ಯಾರದೋ ಆಲಾಪನೆ ಕೇಳಿಸಿ, ‘ಯಾವ ರಾಗ ಹೇಳು’ ಅನ್ನುತ್ತಿದ್ದರು. ನಮ್ಮಪ್ಪ ತೀರಿಕೊಂಡ ರಾತ್ರಿ ಬಸ್ಸು ಹಿಡಿದು ನಮ್ಮ ಹಳ್ಳಿಗೆ ಬಂದರು, ಪಿಟೀಲಿನ ಜೊತೆ. ಭಜನೆಯವರು ದಣಿದು ನಿಲ್ಲಿಸಿದಾಗ ಜಗಲಿ ಮೇಲೆ ಕೂತು ಅರ್ಧ ಗಂಟೆ ಮಧ್ಯಮಾವತಿ ರಾಗ ನುಡಿಸಿದರು. ‘ಮುಖಾರಿ ಶೋಕದ ರಾಗ, ಬೇಡ ಅನ್ನಿಸ್ತು. ಆಗ್ಲೇ ಎಲ್ಲರೂ ಅತ್ತಿದ್ದಾರೆ ಅಲ್ವಾ’ ಅಂದರು, ಅಷ್ಟೇ. ನಮ್ಮಮ್ಮ ಇವತ್ತಿಗೂ ಆ ಮಾತು ಹೇಳುತ್ತಾರೆ.

ನನ್ನ ತಮ್ಮನ ಮಗ ಈಗ ಒಂಬತ್ತನೇ ಕ್ಲಾಸು. ಗೋಡೆ ತುಂಬ ಪರದೆ ಇರೋ ಶಾಲೆ. ಶನಿವಾರ ಕೋಚಿಂಗ್, ಭಾನುವಾರ ಟೆಸ್ಟ್. ಸಂಗೀತದ ಪೀರಿಯಡ್ ವೇಳಾಪಟ್ಟಿಯಲ್ಲಿದೆ, ಆ ಹೊತ್ತಿಗೆ ವಿಜ್ಞಾನ ಮಾಡುತ್ತಾರಂತೆ. 625ಕ್ಕೆ 620 ತೆಗೆಯುವ ಮಕ್ಕಳು ಇವರು, ಬುದ್ಧಿ ನಮಗಿಂತ ಜಾಸ್ತಿಯೇ ಇದೆ. ಆದರೆ ಸುಮ್ಮನೆ ಮರದ ಕೆಳಗೆ ಕೂತು ತಂತಿ ಕೂಡಿಸುವುದನ್ನು ಕೇಳಲು ಇವರಿಗೆ ಹತ್ತು ನಿಮಿಷ ಯಾರೂ ಕೊಡುತ್ತಿಲ್ಲ. ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮೇಷ್ಟ್ರ ಹನ್ನೊಂದನೇ ದಿನಕ್ಕೆ ನಾವು ನಾಲ್ವರೂ ಸೇರಿದ್ದೆವು. ಊಟ ಆದ ಮೇಲೆ ಅವರ ಮಗಳು ಪಿಟೀಲಿನ ಪೆಟ್ಟಿಗೆ ತಂದು ನಡುವೆ ಇಟ್ಟು, ‘ಅಪ್ಪ ಯಾವಾಗ್ಲೂ ಹೇಳ್ತಿದ್ದರಲ್ಲ, ಆ ಮೂವತ್ಮೂರು, ಒಂದ್ಸಲ ಹಾಡ್ತೀರಾ?’ ಅಂತ ಕೇಳಿದರು. ಕೋತಿಯೇ ಶ್ರುತಿ ಹಿಡಿದ. ಶುರು ಮಾಡಿದೆವು. ಎರಡನೇ ಸ್ವರಕ್ಕೇ ನಾಲ್ವರ ರಿಷಭವೂ ಗಾಂಧಾರಕ್ಕೆ ಜಾರಿತು. ಎಲ್ಲರೂ ಪೆಟ್ಟಿಗೆ ಕಡೆ ನೋಡಿದೆವು. ಮತ್ತೆ ಮೊದಲಿಂದ ಹಿಡಿದೆವು.