ಗೊಬ್ಬರ ಕಂಪನಿಯ ಇತಿಹಾಸ ಬರೆಯುವಾಗ ಮೊದಲು ಕರೆಂಟ್ ಲೆಕ್ಕ ನೋಡಿ

ಕಂಪನಿಗಳ ಹಿನ್ನೆಲೆ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಸಾಲ ಕೊಡುವವರು, ಷೇರು ಕೊಳ್ಳುವವರು ಓದುವಂಥದ್ದು. ಹೊಸಬರ ಕರಡಿನಲ್ಲಿ ಸ್ಥಾಪಕರು, ಅಧ್ಯಕ್ಷರು, ವಿಲೀನ, ಹೊಸ ಹೆಸರು ಎಲ್ಲವೂ ಇಸವಿ ಸಮೇತ ಇರುತ್ತದೆ. ಕಂಪನಿ ಹೇಗೆ ಉಳಿದುಕೊಂಡಿತು ಅನ್ನುವುದೇ ಇರುವುದಿಲ್ಲ. ಅವರಿಗೆ ನಾನು ತೋರಿಸುವುದು ನಾರ್ವೆಯ ಗೊಬ್ಬರ ಕಂಪನಿ ನಾರ್ಸ್ಕ್ ಹೈಡ್ರೋವನ್ನು.

1905ರಲ್ಲಿ ಶುರು. ಎಂಜಿನಿಯರ್ ಸ್ಯಾಮ್ ಐಡೆ, ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್, ಸ್ವೀಡನ್ ಮತ್ತು ಫ್ರಾನ್ಸಿನ ದುಡ್ಡು. ಇದಕ್ಕೆ ಒಂದು ಸಾಲು ಸಾಕು. ನಿಂತು ನೋಡಬೇಕಾದ್ದು ಕುಲುಮೆಯನ್ನು. ಎರಡು ವಿದ್ಯುದ್ವಾರಗಳ ನಡುವೆ ಕಿಡಿ ಹಾರಿಸಿ, ಅದನ್ನು ಅಯಸ್ಕಾಂತದಿಂದ ದೊಡ್ಡ ತಟ್ಟೆಯ ಆಕಾರಕ್ಕೆ ಹರಡುತ್ತಿದ್ದರು. ಅದರೊಳಗೆ ಗಾಳಿ ಬಿಟ್ಟರೆ, ಸುಮಾರು 3000 ಡಿಗ್ರಿ ಶಾಖದಲ್ಲಿ ಸಾರಜನಕ ಆಮ್ಲಜನಕದ ಜೊತೆ ಸೇರುತ್ತದೆ. ತಕ್ಷಣ ತಣ್ಣಗಾಗಿಸದಿದ್ದರೆ ಮತ್ತೆ ಬೇರೆಯಾಗಿಬಿಡುತ್ತದೆ. ಹೊರಬಂದ ಅನಿಲದಲ್ಲಿ ಬೇಕಾದದ್ದು ಸುಮಾರು 2 ಶೇಕಡಾ ಮಾತ್ರ! ಅದನ್ನು ನೀರಿಗೆ ಹಾಯಿಸಿದರೆ ನೈಟ್ರಿಕ್ ಆಮ್ಲ, ಆಮೇಲೆ ಸುಣ್ಣದ ಕಲ್ಲು ಸೇರಿಸಿದರೆ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ.

ಗಾಳಿ, ನೀರು, ಸುಣ್ಣದ ಕಲ್ಲು. ಇದಕ್ಕೆಲ್ಲ ಎಷ್ಟು ಖರ್ಚಾಗುತ್ತದೆ ಹೇಳಿ? ಖರ್ಚೆಲ್ಲ ಕರೆಂಟಿಗೆ. ಅದಕ್ಕೇ ಕಾರ್ಖಾನೆಗಳು ಜಲಪಾತಗಳ ಬೆನ್ನು ಹತ್ತಿ ನೋಟೊಡೆನ್, ರ್ಯುಕಾನ್‌ಗೆ ಹೋದವು. ರ್ಯುಕಾನ್ ಬಳಿ 1911ರಲ್ಲಿ ಶುರುವಾದ ವೆಮೊರ್ಕ್ ವಿದ್ಯುತ್ ಕೇಂದ್ರ 108 ಮೆಗಾವ್ಯಾಟಿನದು, ಆಗ ಜಗತ್ತಿಗೇ ದೊಡ್ಡದು. ನನ್ನ ಪ್ರಕಾರ ಹೈಡ್ರೋ ಒಂದು ವಿದ್ಯುತ್ ಕಂಪನಿ. ಕರೆಂಟನ್ನು ಮೂಟೆ ಕಟ್ಟಿ ಮಾರುತ್ತಿತ್ತು, ಅಷ್ಟೇ.

1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಹೇಬರ್-ಬಾಷ್ ವಿಧಾನದ, ಅಂದರೆ ಗಾಳಿಯ ಸಾರಜನಕಕ್ಕೆ ಜಲಜನಕ ಸೇರಿಸಿ ಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡುವ, ಕಾರ್ಖಾನೆ ಶುರುವಾಯಿತು. ಅಷ್ಟೇ ಸಾರಜನಕಕ್ಕೆ ಇದರಲ್ಲಿ ಶಕ್ತಿ ಎಷ್ಟೋ ಕಡಿಮೆ ಸಾಕು. ಹೈಡ್ರೋ 1927ರಲ್ಲಿ ಆ ವಿಧಾನ ಕೈಯಲ್ಲಿಟ್ಟುಕೊಂಡಿದ್ದ ಜರ್ಮನಿಯ ರಾಸಾಯನಿಕ ಕಂಪನಿ ಐಜಿ ಫಾರ್ಬೆನ್ ಜೊತೆ ಒಪ್ಪಂದ ಮಾಡಿಕೊಂಡಿತು. ಕರಡಿನಲ್ಲಿ ಇದು 'ಜರ್ಮನ್ ಕಂಪನಿಗೆ ಷೇರು' ಎಂದಷ್ಟೇ ಬರುತ್ತದೆ. ನಿಜವಾಗಿ ಆದದ್ದೇನು? ಹಳೇ ಕುಲುಮೆಗಳ ಕಾಲ ಮುಗಿಯಿತು. ಅದೇ ಜಲಪಾತದ ಕರೆಂಟು ನೀರನ್ನು ಒಡೆದು ಜಲಜನಕ ತೆಗೆಯುವ ಕೆಲಸಕ್ಕೆ ತಿರುಗಿತು. (ಅಣು ಸಂಶೋಧನೆಗೆ ಬೇಕಾಗಿದ್ದ ಭಾರಜಲ ಸಿಕ್ಕಿದ್ದು, 1943ರಲ್ಲಿ ಆ ಘಟಕವನ್ನು ಸ್ಫೋಟಿಸಿದ್ದು ಇಲ್ಲೇ. ಎಲ್ಲರಿಗೂ ಆ ಕಥೆ ಬರೆಯುವ ಆಸೆ. ರೋಚಕ ಹೌದು, ಆದರೆ ಸಾಲ ಕೊಡುವವನಿಗೆ ಅದರಿಂದ ಏನೂ ತಿಳಿಯುವುದಿಲ್ಲ.)

1960ರ ದಶಕದಲ್ಲಿ ಜಲಜನಕ ತೆಗೆಯಲು ಕರೆಂಟಿಗಿಂತ ತೈಲವೇ ಅಗ್ಗವಾಯಿತು. ಅಮೋನಿಯಾ ತಯಾರಿಕೆಯ ಭಾರ ಸಮುದ್ರ ತೀರದ ಹೆರೋಯಾದ ಮೇಲೆ ಬಿತ್ತು. 2004ರಲ್ಲಿ ಗೊಬ್ಬರ ವಿಭಾಗ ಬೇರೆಯಾಗಿ ಯಾರಾ ಎಂಬ ಕಂಪನಿಯಾಯಿತು. ಕಾಗದದಲ್ಲಿ ಭಾರೀ ಘಟನೆ. ಕಾರ್ಖಾನೆಗೆ ಏನು ಹಾಕುತ್ತಾರೆ ಅನ್ನುವುದು ಅದರಿಂದ ಬದಲಾಗಲಿಲ್ಲ.

2024ರಲ್ಲಿ ಯಾರಾ ಹೆರೋಯಾದಲ್ಲಿ 24 ಮೆಗಾವ್ಯಾಟಿನ ಘಟಕ ಶುರು ಮಾಡಿತು. ಮತ್ತೆ ಕರೆಂಟಿನಿಂದ ನೀರು ಒಡೆದು ಜಲಜನಕ! ಹೆಸರು ಬದಲಾಗಿಲ್ಲ, ವಿಲೀನವಿಲ್ಲ, ಹಾಗಾಗಿ ಕರಡಿನಲ್ಲಿ ಇದಕ್ಕೆ ಅರ್ಧ ಸಾಲೂ ಸಿಗುವುದಿಲ್ಲ. ನಾನಾದರೆ ಒಂದಿಡೀ ಪುಟ ಕೊಡುತ್ತೇನೆ. ಅಧ್ಯಕ್ಷರ ಪಟ್ಟಿ ಬೇಕೇ ಬೇಕು ಎಂದವರಿಗೆ ಅನುಬಂಧದಲ್ಲಿ ಹಾಕಿದರಾಯಿತು, ಅಲ್ವಾ?