ಊಜಿ, ಆವು ಮತ್ತು ನನ್ನ ಕೆಂಪು ಪೆನ್ನು

ವಾಕ್ ಚಿಕಿತ್ಸೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕೆಂಪು ಪೆನ್ನಿನ ಮೇಲೆ ವಿಪರೀತ ಮೋಹವಿತ್ತು. ಪಾರ್ಶ್ವವಾಯುವಾದ ಮೇಲೆ ಮಾತು ತೊಡರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರನ್ನು ಹತ್ತು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡೆ. ಅವರು ಆಡಿದ್ದನ್ನು ಒಂದಕ್ಷರ ಬಿಡದೆ ಬರೆದು, ತಪ್ಪಿದಲ್ಲೆಲ್ಲ ಕೆಂಪು ಗೆರೆ ಎಳೆದು, ಹಿರಿಯ ಸಹೋದ್ಯೋಗಿಯ ಮೇಜಿನ ಮೇಲಿಟ್ಟೆ. ಅವರು ಪುಟ ತಿರುವಿ ನೋಡಿದರು, ಓದಲಿಲ್ಲ. "ಇದರಲ್ಲಿ ನಿಮ್ಮ ಮಾತೆಲ್ಲಿ? ಪ್ರಶ್ನೆ ಕೇಳಿದವರು ನೀವೇ ತಾನೇ? ಅದನ್ನೂ ಬರೆದು ತನ್ನಿ, ಅದೇ ಪೆನ್ನಿನಲ್ಲಿ ತಿದ್ದಿ" ಎಂದರು.

ಆ ಸಂಜೆ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ನನ್ನ ಮೊದಲ ಪ್ರಶ್ನೆಯೇ ಹೀಗಿತ್ತು: "ಈಗ ಈ ಚಿತ್ರದಲ್ಲಿ... ಅಲ್ಲ, ಮೊದಲು ಇದು, ಈ ಹುಡುಗ ಏನು, ಅಂದರೆ ಅವನ ಕೈಯಲ್ಲಿ, ಸರಿ, ಅದನ್ನು ಆಮೇಲೆ ನೋಡೋಣ." ಇಷ್ಟರಲ್ಲಿ ಪ್ರಶ್ನೆ ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಮುಂದೆಯೂ ಅದೇ ಕಥೆ. ಕ್ರಿಯಾಪದವನ್ನು ಮುಟ್ಟದೆ ನಡುದಾರಿಯಲ್ಲೇ ನಿಂತುಹೋದ ವಾಕ್ಯಗಳು, ಏಕವಚನದಲ್ಲಿ ಹೊರಟು ಬಹುವಚನದಲ್ಲಿ ಇಳಿದ ವಾಕ್ಯಗಳು, ಒಂದು ಕಡೆ 'ಬಲಗೈ' ಎನ್ನುವಲ್ಲಿ 'ಎಡಗೈ'. ತಿದ್ದಿ ಮುಗಿಸುವ ಹೊತ್ತಿಗೆ ನನ್ನ ಪುಟವೂ ಮೇಷ್ಟ್ರ ಪುಟದಷ್ಟೇ ಕೆಂಪಾಗಿತ್ತು. ಕೋಣೆಯಲ್ಲಿ ಇಬ್ಬರಿದ್ದೆವು, ಕಡತ ತೆರೆದದ್ದು ಒಬ್ಬರ ಹೆಸರಿನಲ್ಲಿ ಮಾತ್ರ.

ಇದರಿಂದ ನನಗೂ ಮೇಷ್ಟ್ರಿಗೂ ವ್ಯತ್ಯಾಸವೇ ಇಲ್ಲ ಎಂದುಕೊಂಡರೆ ಅದು ಇನ್ನೊಂದು ಮೂರ್ಖತನ. ವ್ಯತ್ಯಾಸವಿತ್ತು. ಅದನ್ನು ನಾನು ಹುಡುಕಿದ ಜಾಗ ತಪ್ಪಾಗಿತ್ತು. ಅಚ್ಚಾದ ವ್ಯಾಕರಣವನ್ನು ಅಳತೆಗೋಲು ಮಾಡಿಕೊಂಡರೆ ಆರೋಗ್ಯವಂತ ಬಾಯಿಯೂ ರೋಗಿಯದಾಗಿ ಕಾಣುತ್ತದೆ. ಕೇಳುವವರ ಮನಸ್ಸು ಎದುರಿನವರ ಮಾತನ್ನು ಸದ್ದಿಲ್ಲದೆ ತಿದ್ದಿಕೊಂಡು ಕೇಳುವುದರಿಂದ ದಿನವಿಡೀ ಉದುರುವ ಈ ಚೂರುಪಾರುಗಳು ಯಾರ ಗಮನಕ್ಕೂ ಬರುವುದಿಲ್ಲ.

ಅಂದಿನಿಂದ ನನಗೆ ಬಾಯಿತಪ್ಪುಗಳನ್ನು ಬರೆದಿಟ್ಟುಕೊಳ್ಳುವ ಚಟ ಹತ್ತಿತು. ನನ್ನ ಪುಸ್ತಕದಲ್ಲಿರುವ ಒಂದನ್ನು ಮಾತ್ರ ಹೇಳುತ್ತೇನೆ. 'ಕಪಾಟಿನಲ್ಲಿ ಪುಸ್ತಕ ಇಡು' ಎನ್ನಲು ಹೋದ ಸಹೋದ್ಯೋಗಿಯೊಬ್ಬರ ಬಾಯಲ್ಲಿ 'ಪುಸ್ತಕದಲ್ಲಿ ಕಪಾಟು ಇಡು' ಎಂದು ಬಂತು. ಎಲ್ಲರೂ ನಕ್ಕೆವು. ಆಮೇಲೆ ಬರೆದುಕೊಳ್ಳುವಾಗ ಪೆನ್ನು ನಿಂತಿತು. ಪದಗಳು ಅದಲುಬದಲಾಗಿವೆ, ಆದರೆ ಸಪ್ತಮಿ ವಿಭಕ್ತಿ ತನ್ನ ಜಾಗ ಬಿಟ್ಟು ಕದಲಿಲ್ಲ. ಅಷ್ಟೇ ಅಲ್ಲ, 'ಕಪಾಟಿನಲ್ಲಿ'ಯ 'ಇನಲ್ಲಿ' ಹೋಗಿ 'ಪುಸ್ತಕ'ಕ್ಕೆ ಹೊಂದುವ 'ದಲ್ಲಿ' ಬಂದು ಕೂತಿದೆ. 'ಪುಸ್ತಕಿನಲ್ಲಿ' ಎಂದು ಅವರು ಅನ್ನಲಿಲ್ಲ. ಅರ್ಥ ಮಗುಚಿ ಬಿದ್ದರೂ ವ್ಯಾಕರಣ ಎದ್ದು ನಿಂತೇ ಇತ್ತು. ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ 1971ರಲ್ಲಿ ಇಂಗ್ಲಿಷಿನ ಬಾಯಿತಪ್ಪುಗಳನ್ನು ಕಲೆಹಾಕಿ ತೋರಿಸಿದ್ದೂ ಇದನ್ನೇ. ಜಾರಿದ ಪದ ಸ್ವರದಿಂದ ಆರಂಭವಾದರೆ ಅದರ ಹಿಂದಿನ 'ಎ' ತಾನಾಗಿ 'ಆ್ಯನ್' ಆಗುತ್ತದೆ. ತಪ್ಪು ಕೂಡ ನಿಯಮ ಪಾಲಿಸುತ್ತದೆ. ಯಾವ ನಿಯಮ ಎಂದು ಕೇಳಿಕೊಳ್ಳದೆ ಗೆರೆ ಎಳೆಯುವುದು ನನ್ನ ಸೋಮಾರಿತನವಾಗಿತ್ತು.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಗಡಿಯಾರದ ಚಿತ್ರ ತೋರಿಸಿದರೆ 'ಕನ್ನಡಕ' ಎನ್ನುತ್ತಿದ್ದರು. ಕೂಡಲೇ ತಲೆ ಅಲ್ಲಾಡಿಸುತ್ತಿದ್ದರು. ಮಣಿಕಟ್ಟು ಮುಟ್ಟಿಕೊಂಡು 'ಗಂಟೆ... ಗಂಟೆ ನೋಡುವುದು' ಎಂದು ಬಳಸುದಾರಿ ಹಿಡಿಯುತ್ತಿದ್ದರು. ಗಡಿಯಾರ, ಕನ್ನಡಕ ಎರಡೂ ಮೈಮೇಲೆ ಧರಿಸುವ ವಸ್ತುಗಳು. ಮನೆ ತಪ್ಪಿತ್ತು, ಬೀದಿ ಸರಿಯಾಗಿಯೇ ಇತ್ತು. ಹೆಸರು ನಾಲಿಗೆಯ ತುದಿಯಲ್ಲೇ ಇದೆ, ಬಾಯಿಗೆ ಬರುತ್ತಿಲ್ಲ ಎಂಬ ಪೇಚು ನಮ್ಮೆಲ್ಲರದೂ ಹೌದು. ಅಂಥ ಗಳಿಗೆಯಲ್ಲಿ ಜನ ಬಾರದ ಪದದ ಮೊದಲ ಅಕ್ಷರವನ್ನೂ ಅದು ಎಷ್ಟು ಉದ್ದವೆಂಬುದನ್ನೂ ಹಲವು ಸಲ ಸರಿಯಾಗಿ ಊಹಿಸುತ್ತಾರೆ ಎಂದು ಮನೋವಿಜ್ಞಾನಿಗಳಾದ ಬ್ರೌನ್ ಮತ್ತು ಮೆಕ್‌ನೀಲ್ 1966ರಲ್ಲೇ ತೋರಿಸಿದ್ದರು. ನಮಗೆ ಆಗೊಮ್ಮೆ ಈಗೊಮ್ಮೆ ಆಗುವುದು ಮೇಷ್ಟ್ರಿಗೆ ಪ್ರತಿ ಮೂರನೆಯ ಮಾತಿಗೆ ಆಗುತ್ತಿತ್ತು. ಜಾತಿ ಒಂದೇ, ಪ್ರಮಾಣ ಬೇರೆ.

ಅದೇ ದಿನಗಳಲ್ಲಿ ಇನ್ನೊಬ್ಬರು ಬರುತ್ತಿದ್ದರು. ಅವರ ಮಾತು ನೀರು ಹರಿದಂತೆ, ಏರಿಳಿತವೆಲ್ಲ ಅಚ್ಚುಕಟ್ಟು. ದೂರದಿಂದ ಕೇಳಿದರೆ ಏನೂ ಆಗಿಲ್ಲ ಎನ್ನಬೇಕು. ಹತ್ತಿರ ಕೂತರೆ ಒಂದು ವಾಕ್ಯಕ್ಕೂ ಅರ್ಥವಿಲ್ಲ, ಅದು ಅವರಿಗೆ ತಿಳಿದೂ ಇಲ್ಲ. ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ 1874ರಲ್ಲಿ ವಿವರಿಸಿದ ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಭಾಷೆ ಕೆಡುವ ಸ್ಥಿತಿ, ಇದು. ತಡವರಿಸುವ ಮೇಷ್ಟ್ರಿಗಿಂತ ಸರಾಗವಾಗಿ ಮಾತಾಡುವ ಇವರ ಸ್ಥಿತಿ ಕಷ್ಟದ್ದು. ಅದಕ್ಕೇ ನಾನೀಗ ತಪ್ಪು ಎಣಿಸುವ ಮೊದಲು, ತಪ್ಪಿದ ಮೇಲೆ ಏನಾಯಿತು ಎಂದು ನೋಡುತ್ತೇನೆ. ನಿಂತರೇ? ಹಿಂದಿರುಗಿದರೇ? ತಿದ್ದಿಕೊಳ್ಳಲು ಹೆಣಗಿದರೇ? ಮೇಷ್ಟ್ರ ಹಳೆಯ ಪುಟದಲ್ಲಿ ನಾನು ಗೆರೆ ಎಳೆದ ಅರ್ಧದಷ್ಟು ಜಾಗಗಳು ಅವರ ತಿದ್ದುಪಡಿಗಳೇ ಆಗಿದ್ದವು. ಅವರ ಶಕ್ತಿಯನ್ನು ದೋಷದ ಖಾತೆಗೆ ಬರೆದುಬಿಟ್ಟಿದ್ದೆ.

ಇಷ್ಟು ಕಲಿತವಳು ಮಕ್ಕಳ ವಿಭಾಗಕ್ಕೆ ಹೋದಾಗ ಮತ್ತೆ ಎಡವಿದೆ, ಅದೂ ಎರಡು ಸಲ.

ಮೊದಲನೆಯದು ತೊದಲುವಿಕೆಗೆಂದು ಕರೆತಂದ ಆರು ವರ್ಷದ ಹುಡುಗಿ. ಚಿತ್ರ ತೋರಿಸಿದರೆ 'ಆವು', 'ಅಲ್ಲು', 'ಊವು'. ತೊದಲಿನ ಜೊತೆಗೆ 'ಹಕಾರದ ಉಚ್ಚಾರಣಾ ದೋಷ' ಎಂದೂ ವರದಿಯಲ್ಲಿ ಸೇರಿಸಿದೆ. ವರದಿ ಕೇಳಲು ಅಜ್ಜಿ ಬಂದು ಎದುರಿಗೆ ಕುಳಿತು, "ಏಳಿ ಮೇಡಂ" ಎಂದರು. ನಾನು ಯಾಕಿರಬಹುದು ಎಂದುಕೊಳ್ಳುತ್ತಲೇ ಕುರ್ಚಿಯಿಂದ ಅರ್ಧ ಎದ್ದಿದ್ದೆ. "ಏನಾಗಿದೆ ಏಳಿ" ಎಂದು ಅವರು ಮುಂದುವರಿಸಿದಾಗ ಮತ್ತೆ ಕುಳಿತೆ. ಅಜ್ಜಿ, ಅಮ್ಮ, ಮಾವ, ಆ ಮನೆಯಲ್ಲಿ ಹಕಾರ ಹಿಡಿದು ಮಾತಾಡುವವರು ಒಬ್ಬರೂ ಇರಲಿಲ್ಲ. ಮಗು ತನ್ನವರ ಭಾಷೆಯನ್ನು ತಪ್ಪಿಲ್ಲದೆ ಕಲಿತಿತ್ತು, ಅದಕ್ಕೆ ನಾನು ಕಾಯಿಲೆಯ ಹೆಸರು ಕೊಟ್ಟಿದ್ದೆ. ಇನ್ನೊಂದು ತಮಾಷೆಯೆಂದರೆ ನಾನು ಕಾಪಾಡಲು ಹೊರಟ 'ಹಾವು' ಹಳಗನ್ನಡದಲ್ಲಿ 'ಪಾವು', 'ಹಲ್ಲು' 'ಪಲ್' ಆಗಿತ್ತು. ಪಕಾರ ಸವೆದು ಹಕಾರವಾದಾಗಲೂ ಯಾರೋ ಒಬ್ಬರು ಕೆಂಪು ಮಸಿ ಕಲೆಸಿಕೊಂಡು ಕೂತಿದ್ದಿರಬೇಕು.

ವರದಿ ಹರಿದು ಹೊಸದು ಬರೆದೆ. ಉದಾರವಾಗಿಬಿಟ್ಟೆ. ಅದೇ ಎರಡನೆಯ ತಪ್ಪಿಗೆ ದಾರಿಯಾಯಿತು.

ನಾಲ್ಕು ವರ್ಷದ ಹುಡುಗನೊಬ್ಬ 'ಸೂಜಿ'ಗೆ 'ಊಜಿ' ಎನ್ನುತ್ತಿದ್ದ, 'ಸರ'ಕ್ಕೆ 'ಅರ'. ಪದದ ಮೊದಲ ವ್ಯಂಜನ ಬಿಟ್ಟುಹೋಗುವುದು, ಅಂಕದ ಹಾಳೆಯಲ್ಲಿ ಆ ಹುಡುಗಿಯದೂ ಇವನದೂ ಒಂದೇ ಗುರುತು. ಎಲ್ಲ ಮಕ್ಕಳೂ ಒಂದೇ ಹದದಲ್ಲಿ ಕಲಿಯುವುದಿಲ್ಲ, ಕಾದು ನೋಡೋಣ ಎಂದು ದೊಡ್ಡ ಮನಸ್ಸಿನಿಂದ ಕಳುಹಿಸಿದೆ. ಶ್ರವಣ ಪರೀಕ್ಷೆ ಮಾಡಿಸಿ ಎಂದು ಆ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಕರೆದರೆ ತಿರುಗುತ್ತಾನೆ, ಹಾಡಿಗೆ ಕುಣಿಯುತ್ತಾನೆ, ಇನ್ನೇನು ಎಂಬ ಧೈರ್ಯ. ಎಂಟು ತಿಂಗಳ ನಂತರ ಬೇರೆ ಕಡೆ ಮಾಡಿಸಿದ ಪರೀಕ್ಷೆಯಲ್ಲಿ ಆಡಿಯೋಗ್ರಾಮಿನ, ಅಂದರೆ ಕಿವಿಗೆ ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆಯ, ಗೆರೆ ದಪ್ಪ ದನಿಯ ಸದ್ದುಗಳಿರುವ ಎಡಭಾಗದಲ್ಲಿ ಚೆನ್ನಾಗಿಯೇ ಸಾಗಿ 2000 ಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಕೆಳಗಿಳಿದಿತ್ತು. ಸಕಾರದ ಸದ್ದಿನ ಬಹುಪಾಲು ಇರುವುದು 4000 ಹರ್ಟ್ಸ್‌ನಿಂದ ಮೇಲೆ. ಆ ಮಗು ಸಕಾರವನ್ನು ಬಿಡುತ್ತಿರಲಿಲ್ಲ, ಅದು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಮನೆಯವರೆಲ್ಲ ಸಕಾರವನ್ನು ಸರಿಯಾಗಿ ಆಡುತ್ತಿದ್ದರು ಎಂಬ ಒಂದು ಸಂಗತಿ ನನ್ನನ್ನು ಎಚ್ಚರಿಸಬೇಕಿತ್ತು. ಅವನ ತಾಯಿ ನನ್ನನ್ನು ಬೈಯಲಿಲ್ಲ. "ನೀವು ಅಂದಾಗ ಎಷ್ಟು ಸಮಾಧಾನವಾಗಿತ್ತು" ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಗಡಿರೇಖೆ ಎಳೆಯುವವರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೂ ಉಂಟು. ಸರಾಸರಿ 100 ಇರುವ ಬುದ್ಧಿಸೂಚ್ಯಂಕದ ಪರೀಕ್ಷೆಯಲ್ಲಿ ಎಷ್ಟಕ್ಕಿಂತ ಕೆಳಗಿದ್ದರೆ ಬೌದ್ಧಿಕ ನ್ಯೂನತೆ ಎನ್ನಬಹುದು ಎಂಬುದಕ್ಕೆ ಆ ಕ್ಷೇತ್ರದ ಅಮೆರಿಕದ ವೃತ್ತಿಸಂಘ 1960ರ ದಶಕದಲ್ಲಿ ಸುಮಾರು 85 ಎಂದಿತ್ತು, 1973ರಲ್ಲಿ ಸುಮಾರು 70ಕ್ಕೆ ಇಳಿಸಿತು. ಲೆಕ್ಕದ ಪ್ರಕಾರ 85ರ ಕೆಳಗೆ ನೂರಕ್ಕೆ ಹದಿನಾರು ಜನ, 70ರ ಕೆಳಗೆ ಎರಡರ ಆಸುಪಾಸು. ಯಾರ ತಲೆಯೊಳಗೂ ಏನೂ ಬದಲಾಗದೆ ಅಷ್ಟು ಜನ ಗೆರೆಯ ಆಚೆಯಿಂದ ಈಚೆಗೆ ಬಂದರು. ಅಂಕಿ ಬೇಡ ಎನ್ನುತ್ತಿಲ್ಲ, ನನ್ನ ಕೆಲಸ ನಡೆಯುವುದೇ ಅದರಿಂದ. ಆದರೆ ವರದಿಯ ಮೊದಲ ಸಾಲಿನಲ್ಲಿ ಅಂಕಿ ಬರೆಯುವುದನ್ನು ಬಿಟ್ಟಿದ್ದೇನೆ.

ಆ ಅಜ್ಜಿ ಮೊಮ್ಮಗಳ ತೊದಲಿಗಾಗಿ ವಾರಕ್ಕೊಮ್ಮೆ ಬರುತ್ತಲೇ ಇದ್ದರು. ಒಂದು ದಿನ ಮಗುವನ್ನು ಆಟಕ್ಕೆ ಬಿಟ್ಟು, ಬಾಗಿಲು ಮುಂದೂಡಿ, ತಗ್ಗಿದ ದನಿಯಲ್ಲಿ ಕೇಳಿದರು: "ನನಗೆ ಉಚ್ಚು ಇಡಿದಿದೆಯೇ ಮೇಡಂ?" ಸಂಜೆಯ ಹೊತ್ತು ಪರದೆಯ ಮೇಲೆ ಗೇಣುದ್ದದ ಜನ ಸಾಲಾಗಿ ನಡೆದುಹೋಗುತ್ತಾರಂತೆ. ಮಾತಾಡುವುದಿಲ್ಲ, ಇವರ ಕಡೆ ನೋಡುವುದೂ ಇಲ್ಲ. ಅವರು ನಿಜವಾಗಿ ಇಲ್ಲ ಎಂದು ಅಜ್ಜಿಗೆ ಚೆನ್ನಾಗಿ ಗೊತ್ತು. ಯಾರಿಗೂ ಹೇಳಿರಲಿಲ್ಲ. ಎರಡೂ ಕಣ್ಣಿನ ದೃಷ್ಟಿ ವರ್ಷದಿಂದ ಮಂಜಾಗುತ್ತಿತ್ತು.

ಜಿನೀವಾದ ನಿಸರ್ಗವಿಜ್ಞಾನಿ ಶಾರ್ಲ್ ಬೊನೆ 1760ರಲ್ಲಿ ತನ್ನ ಅಜ್ಜನ ಬಗ್ಗೆ ಬರೆದದ್ದನ್ನು ನಾನು ಅವರಿಗೆ ಹೇಳಿದೆ. ಕಣ್ಣಿಗೆ ಪೊರೆ ಬಂದಿದ್ದ ಆ ಮುದುಕ ಇಲ್ಲದ ಜನರನ್ನು, ಗಾಡಿಗಳನ್ನು, ಕಟ್ಟಡಗಳನ್ನು ನೋಡುತ್ತಿದ್ದ. ಬುದ್ಧಿ ಮಾತ್ರ ನೆಟ್ಟಗಿತ್ತು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ಖಾಲಿ ಕೂರದೆ ತಾನೇ ಚಿತ್ರ ಕಟ್ಟುತ್ತದೆ. ಅಜ್ಜಿಗೂ ಅದೇ ಎಂದು ಹೇಳುವುದು ನನ್ನ ಕೆಲಸವಲ್ಲ, ಕಣ್ಣಿನ ವೈದ್ಯರ ಬಳಿಗೆ ಚೀಟಿ ಬರೆದುಕೊಟ್ಟೆ. ಅವರು ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಆ ಮುದುಕನಿಗೂ ಸಂಜೆಯೇ ಕಾಣುತ್ತಿದ್ದರೇ?" ಎಂದು ಕೇಳಿದರು. ಕುತೂಹಲದಿಂದ, ಯಾರೋ ನೆಂಟರ ಸುದ್ದಿ ಕೇಳಿದಂತೆ.

ಮೇಷ್ಟ್ರ ಚಿಕಿತ್ಸೆ ಒಂದೂವರೆ ವರ್ಷ ನಡೆಯಿತು. ಕೊನೆಯ ತಿಂಗಳಲ್ಲಿ ಒಮ್ಮೆ ಮುಂದಿನ ಭೇಟಿಯನ್ನು ಅವರ ಕಾರ್ಡಿನಲ್ಲಿ ಶುಕ್ರವಾರ ಎಂದು ಬರೆದುಕೊಟ್ಟು, "ಹಾಗಾದರೆ ಬುಧವಾರ ಬನ್ನಿ" ಎಂದೆ. ಅವರು ಎದ್ದವರು ನಿಂತರು. ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಜೇಬಿನಲ್ಲಿದ್ದ ಕೆಂಪು ಪೆನ್ನಿನ ಕಡೆಗೆ ಬೆರಳು ತೋರಿಸಿ, ತುಟಿ ಎರಡು ಸಲ ಆಡಿಸಿ, "ಶು... ಶುಕ್ರವಾರ" ಎಂದರು.