ಪಾಲಿಸಿ ಮಾರಿದ ಮೇಲೆ ಶುರುವಾಗುವ ಕೆಲಸ

ಆರೋಗ್ಯ ವಿಮೆ ಏಜೆಂಟ್ ಆಗಬೇಕು ಅಂತ ಇರುವವರು ಮೊದಲು ಕೇಳುವುದು ಗಿರಾಕಿಗಳು ಎಲ್ಲಿ ಸಿಗುತ್ತಾರೆ ಅಂತ. ಲೀಡ್ (ಗಿರಾಕಿ ಆಗಬಹುದಾದವರ ಹೆಸರು, ನಂಬರ್) ಕೊಂಡುಕೊಳ್ಳಬೇಕಾ, ಜಾಹೀರಾತು ಹಾಕಬೇಕಾ, ದಿನಕ್ಕೆ ಎಷ್ಟು ಕಾಲ್ ಮಾಡಬೇಕು, ಹೀಗೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಈಗ ನಿಮ್ಮ ಹತ್ತಿರ ಇರುವವರ ಕ್ಲೇಮ್ ಸರಿಯಾಗಿ ಪಾಸ್ ಆಗಲಿ, ಹೊಸಬರನ್ನು ಅವರೇ ಕರೆದುಕೊಂಡು ಬರುತ್ತಾರೆ. ಅದಾಗದಿದ್ದರೆ ಎಷ್ಟು ಕಾಲ್ ಮಾಡಿದರೂ ತೂತು ಕೊಡಕ್ಕೆ ನೀರು ಹೊತ್ತ ಹಾಗೆ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಜೀವ ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ವರ್ಷದ ಕಮಿಷನ್ ದೊಡ್ಡದು, ಆಮೇಲೆ ಇಳಿಯುತ್ತದೆ. ಆರೋಗ್ಯ ವಿಮೆ ಹೆಚ್ಚಿನ ಕಡೆ ವರ್ಷ ವರ್ಷ ರಿನ್ಯೂ ಆಗುವ ಒಪ್ಪಂದ, ಹಾಗಾಗಿ ಗಿರಾಕಿ ಉಳಿದಷ್ಟು ವರ್ಷವೂ ನಿಮಗೆ ಏನಾದರೂ ಬರುತ್ತಲೇ ಇರುತ್ತದೆ. ಮೊದಲ ಒಂದೆರಡು ವರ್ಷ ಕೈಗೆ ಸಿಗುವುದು ನಿಜಕ್ಕೂ ಕಡಿಮೆ, ಅಷ್ಟು ದಿನ ಮನೆ ಖರ್ಚಿಗೆ ಬೇರೆ ದಾರಿ ಇಟ್ಟುಕೊಂಡೇ ಇಳಿಯಿರಿ. ಆಮೇಲೆ ರಿನ್ಯೂವಲ್‌ಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ.

ಇನ್ನು 'ಸ್ವತಂತ್ರ' ಏಜೆಂಟ್ ಅಂದರೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ, ಇದನ್ನು ಲೈಸೆನ್ಸ್ ತೆಗೆದುಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಅಮೆರಿಕದಲ್ಲಿ ಸ್ವತಂತ್ರ ಏಜೆಂಟ್ ಹಲವು ಕಂಪನಿಗಳ ಪ್ಲಾನ್ ಮಾರಬಹುದು. ಭಾರತದಲ್ಲಿ ವೈಯಕ್ತಿಕ ಏಜೆಂಟ್ ಒಂದು ಜೀವ ವಿಮೆ ಕಂಪನಿ, ಒಂದು ಜನರಲ್ ಇನ್ಶೂರೆನ್ಸ್ ಕಂಪನಿ, ಆರೋಗ್ಯ ವಿಮೆಯನ್ನೇ ಮಾಡುವ ಒಂದು ಕಂಪನಿ, ಹೀಗೆ ಪ್ರತಿ ಬಗೆಯಲ್ಲೂ ಒಂದಕ್ಕೇ ನಿಲ್ಲಬೇಕು. ಎಲ್ಲ ಕಂಪನಿಗಳದ್ದೂ ತೋರಿಸಬೇಕು ಅಂದರೆ ಬ್ರೋಕರ್ ಲೈಸೆನ್ಸ್ ಬೇಕು, ಇಲ್ಲವಾದರೆ ಬ್ರೋಕರ್ ಸಂಸ್ಥೆಯ ಜೊತೆ ಸೇರಿಕೊಳ್ಳಬೇಕು. ಕಂಪನಿ ಆರಿಸುವಾಗ ಕಮಿಷನ್ ಪಟ್ಟಿಗಿಂತ ಮುಂಚೆ ಕ್ಲೇಮ್ ವಿಭಾಗದವರು ಫೋನ್ ಎತ್ತುತ್ತಾರಾ ಅಂತ ನೋಡಿ. ಯಾಕೆಂದರೆ ಮುಂದೆ ನೀವು ದಿನಾ ಮಾತಾಡಬೇಕಾಗಿರುವುದು ಅವರ ಜೊತೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ಪ್ರಪೋಸಲ್ ಫಾರ್ಮ್, ಅಂದರೆ ಪಾಲಿಸಿ ಕೇಳಿ ಗಿರಾಕಿ ತುಂಬಿಕೊಡುವ ಅರ್ಜಿ. ಕ್ಲೇಮ್ ತಿರಸ್ಕಾರವಾಗುವುದು ಆಸ್ಪತ್ರೆಯಲ್ಲಿ ಅಂತ ಜನ ಅಂದುಕೊಳ್ಳುತ್ತಾರೆ, ಎಷ್ಟೋ ಸಲ ಅದರ ಬೀಜ ಬಿದ್ದಿರುವುದು ಫಾರ್ಮ್ ತುಂಬಿದ ದಿನವೇ. 'ಬಿಪಿ ಇದೆಯಾ' ಅಂತ ಕೇಳಿದರೆ 'ಇಲ್ಲ, ಒಂದು ಮಾತ್ರೆ ತಗೋತೀನಿ ಅಷ್ಟೇ' ಅನ್ನುವವರು ತುಂಬಾ ಜನ. ಸುಳ್ಳು ಹೇಳುವ ಉದ್ದೇಶ ಅವರಿಗೆ ಇರುವುದಿಲ್ಲ, ಮಾತ್ರೆಯಲ್ಲಿ ಹತೋಟಿಗೆ ಬಂದಿದ್ದನ್ನು ಅವರು ಕಾಯಿಲೆ ಅಂತಲೇ ಎಣಿಸಿರುವುದಿಲ್ಲ. ಅದಕ್ಕೇ ನಾನು ಕಾಯಿಲೆ ಇದೆಯಾ ಅಂತ ಕೇಳಿ ಸುಮ್ಮನಾಗುವುದಿಲ್ಲ. ದಿನಾ ಏನು ಮಾತ್ರೆ ತೆಗೆದುಕೊಳ್ಳುತ್ತೀರಿ, ಯಾವತ್ತಾದರೂ ಆಸ್ಪತ್ರೆಯಲ್ಲಿ ಮಲಗಿದ್ದಿರಾ, ಹಳೆಯ ರಿಪೋರ್ಟ್ ಇದ್ದರೆ ತೋರಿಸಿ, ಮನೆಯವರನ್ನೂ ಕರೀರಿ ಅಂತೀನಿ. ಗಂಡನಿಗೆ ಮರೆತುಹೋದ ಆಪರೇಷನ್ ಹೆಂಡತಿಗೆ ಚೆನ್ನಾಗಿ ನೆನಪಿರುತ್ತದೆ. ಫಾರ್ಮ್ ಅನ್ನು ನಾನೊಬ್ಬನೇ ಕೂತು ತುಂಬಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿಲ್ಲ, ಪ್ರತಿ ಉತ್ತರವನ್ನೂ ಓದಿ ಹೇಳಿದ ಮೇಲೇ ಸಹಿ.

ಹೀಗೆ ಎಲ್ಲವನ್ನೂ ಬರೆದರೆ ಪ್ರೀಮಿಯಂ ಜಾಸ್ತಿಯಾಗಬಹುದು, ಕಂಪನಿ ಪಾಲಿಸಿಯನ್ನೇ ಕೊಡದಿರಬಹುದು, ಆಗ ಆ ತಿಂಗಳ ಒಂದು ಸೇಲ್ ಹೋಯಿತು. ಹೋಗಲಿ. ಮುಚ್ಚಿಟ್ಟು ಮಾರಿದ ಪಾಲಿಸಿ ಅಂದರೆ ಆ ಮನೆಯವರು ವರ್ಷಗಟ್ಟಲೆ ದುಡ್ಡು ಕಟ್ಟಿ, ಐಸಿಯು ಹೊರಗಡೆ ನಿಂತಿರುವಾಗ ಇಲ್ಲ ಅನ್ನಿಸಿಕೊಳ್ಳುವುದು. ಅದನ್ನು ಯಾರ ಮನೆಗೂ ತಂದಿಡುವ ಹಕ್ಕು ನಮಗಿಲ್ಲ.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಅವನ್ನು ದಿನಾಂಕ ಸಮೇತ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿರಬೇಕು. ಭಾರತದಲ್ಲಿ ಮೊದಲೇ ಇದ್ದ ಕಾಯಿಲೆಗೆ ವೇಟಿಂಗ್ ಪೀರಿಯಡ್ (ಆ ಕಾಯಿಲೆಯ ಕ್ಲೇಮ್ ಸಿಗಲು ಕಾಯಬೇಕಾದ ಅವಧಿ) 3 ವರ್ಷಕ್ಕಿಂತ ಹೆಚ್ಚು ಇರಬಾರದು ಅಂತ 2024ರಲ್ಲಿ ನಿಯಮ ಬಂತು, ಮೊದಲು 4 ವರ್ಷದವರೆಗೂ ಇಡಬಹುದಿತ್ತು. 60 ತಿಂಗಳು ಬಿಡದೆ ಕಟ್ಟಿದವರ ಕ್ಲೇಮನ್ನು, ಮೋಸ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿದ್ದಾರೆ ಅಂತ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ 2014ರಿಂದ ಮಾರ್ಕೆಟ್‌ಪ್ಲೇಸ್ (ಸರ್ಕಾರದ ವ್ಯವಸ್ಥೆಯಲ್ಲಿ ವಿಮೆ ಕೊಳ್ಳುವ ತಾಣ) ಪ್ಲಾನ್‌ಗಳಲ್ಲಿ ಹಳೆ ಕಾಯಿಲೆಯ ಕಾರಣಕ್ಕೆ ಯಾರನ್ನೂ ಬೇಡ ಅನ್ನುವಂತಿಲ್ಲ. ಆದರೆ ಅಲ್ಲೇ 65 ವರ್ಷ ದಾಟಿದವರು ಸರ್ಕಾರಿ ವಿಮೆಯಾದ ಮೆಡಿಕೇರ್ ಜೊತೆಗೆ ಮೆಡಿಗ್ಯಾಪ್ ಪಾಲಿಸಿ (ಮೆಡಿಕೇರ್ ಕೊಡದೆ ಉಳಿಸುವ ಖರ್ಚಿಗೆ ಖಾಸಗಿ ವಿಮೆ) ತೆಗೆದುಕೊಳ್ಳುವುದಾದರೆ, ಮೆಡಿಕೇರ್‌ನಲ್ಲಿ ಡಾಕ್ಟರ್ ಖರ್ಚಿನ ಭಾಗವಾದ ಪಾರ್ಟ್ ಬಿ ಶುರುವಾದ 6 ತಿಂಗಳ ಒಳಗೆ ಆರೋಗ್ಯದ ಪ್ರಶ್ನೆ ಇಲ್ಲದೆ ಸಿಗುವುದು ಖಚಿತ. ಆಮೇಲೆ, ಕೆಲವು ವಿಶೇಷ ಸಂದರ್ಭ ಬಿಟ್ಟರೆ, ಬಹುತೇಕ ರಾಜ್ಯಗಳಲ್ಲಿ ಕಂಪನಿ ನಿರಾಕರಿಸಬಹುದು. ಇಂಥ ಒಂದು ದಿನಾಂಕವನ್ನು ಸಮಯಕ್ಕೆ ನೆನಪಿಸಿದ ಏಜೆಂಟನ್ನು ಜನ ಬಿಟ್ಟು ಹೋಗುವುದಿಲ್ಲ.

ಮಾರುವಾಗ ಪಾಲಿಸಿಯಲ್ಲಿ ಏನು ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಏನು ಸಿಗುವುದಿಲ್ಲ ಅನ್ನುವುದನ್ನು ನೀವು ಹೇಳಿ, ಅದೂ ಮೊದಲು. ಉದಾಹರಣೆಗೆ ರೂಮ್ ಬಾಡಿಗೆಯ ಮಿತಿ. ಮಿತಿಯ ಎರಡು ಪಟ್ಟು ಬಾಡಿಗೆಯ ರೂಮ್ ತೆಗೆದುಕೊಂಡರೆ ಹೆಚ್ಚುವರಿ ಬಾಡಿಗೆಯನ್ನಷ್ಟೇ ಕೈಯಿಂದ ಕಟ್ಟಿದರೆ ಆಯಿತು ಅಂತ ಜನ ತಿಳಿದಿರುತ್ತಾರೆ. ಆದರೆ ಅನುಪಾತದ ಕಡಿತ (ಬಾಡಿಗೆ ಮಿತಿ ಮೀರಿದಷ್ಟೇ ಪ್ರಮಾಣದಲ್ಲಿ ಬೇರೆ ಬಿಲ್‌ಗಳನ್ನೂ ಕತ್ತರಿಸುವುದು) ಇರುವ ಪಾಲಿಸಿಯಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜ್ ಕೂಡ ಅರ್ಧಕ್ಕೆ ಇಳಿಯಬಹುದು. ಇದನ್ನು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದರೆ ಎರಡು ನಿಮಿಷದ ಕೆಲಸ, ಡಿಸ್ಚಾರ್ಜ್ ದಿನ ವಿವರಿಸಲು ಹೋದರೆ ಜಗಳ. ಕೋ-ಪೇ (ಬಿಲ್‌ನಲ್ಲಿ ಗಿರಾಕಿ ಕೈಯಿಂದ ಕಟ್ಟಬೇಕಾದ ಪಾಲು), ಕಾಯಿಲೆಗೆ ತಕ್ಕ ಮಿತಿ ಎಲ್ಲವೂ ಹೀಗೇ.

ಪ್ರೀಮಿಯಂನಲ್ಲಿ ಸ್ವಲ್ಪ ವಾಪಸ್ ಕೊಡ್ತೀರಾ ಅಂತ ಕೇಳುವವರು ಇರುತ್ತಾರೆ. ಕೊಡಬೇಡಿ. ಭಾರತದಲ್ಲಿ 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲೂ ನಿಷೇಧ ಇದೆ. ಕಾನೂನು ಪಕ್ಕಕ್ಕಿಡಿ, ಕಮಿಷನ್ ಹಂಚಿಕೊಂಡು ಹಿಡಿದ ಗಿರಾಕಿ ಮುಂದಿನ ವರ್ಷ ಇನ್ನೂ ಜಾಸ್ತಿ ಹಂಚುವವರ ಹತ್ತಿರ ಹೋಗುತ್ತಾರೆ, ಅಲ್ವಾ?

ಕ್ಲೇಮ್ ದಿನದ ಬಗ್ಗೆ ಹೇಳುವುದಾದರೆ, ರಾತ್ರಿ ಬಂದ ಫೋನನ್ನು ಎತ್ತುವುದು ಈ ವೃತ್ತಿಯ ಅರ್ಧ ಭಾಗ. ಆ ಹೊತ್ತಿನಲ್ಲಿ ಅವರಿಗೆ ಬೇಕಾಗಿರುವುದು ಚಿಕ್ಕ ಚಿಕ್ಕ ಉತ್ತರಗಳು. ಈ ಆಸ್ಪತ್ರೆ ಕಂಪನಿಯ ಜೊತೆ ಒಪ್ಪಂದ ಇರುವ ನೆಟ್‌ವರ್ಕ್‌ನಲ್ಲಿ ಇದೆಯಾ, ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಯಾವ ಕಾರ್ಡ್ ಕೊಡಬೇಕು, ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು) ಆಗದಿದ್ದರೆ ಯಾವ ಬಿಲ್‌ಗಳನ್ನು ಜೋಪಾನ ಮಾಡಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆ ಎಷ್ಟು ವರ್ಷದಿಂದ ಇದೆ ಅಂತ ಬರೆದಿರುವ ಸಾಲನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಓದಿ ನೋಡಲು ಹೇಳಿ. ಗಡಿಬಿಡಿಯಲ್ಲಿ ಯಾರೋ '2 ವರ್ಷ' ಬದಲು '12 ವರ್ಷ' ಅಂತ ಬರೆದುಬಿಟ್ಟರೆ ತಿದ್ದಿಸುವುದು ಅಲ್ಲೇ ಸುಲಭ. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಆಮೇಲೆ ಇಂಥ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಈ ಕಾಗದಗಳನ್ನು ಬರೆಯಲು ಗಿರಾಕಿಯ ಜೊತೆ ಕೂತುಕೊಳ್ಳಿ. ಇದಕ್ಕೆ ಯಾರೂ ಕಮಿಷನ್ ಕೊಡುವುದಿಲ್ಲ, ಆದರೆ ನನಗೆ ಸಿಕ್ಕಿರುವ ಒಳ್ಳೆಯ ಗಿರಾಕಿಗಳಲ್ಲಿ ಹೆಚ್ಚಿನವರು ಬಂದಿರುವುದು ಇಂಥ ಕುಟುಂಬಗಳ ಮೂಲಕ.

ಕೊನೆಗೆ, ಬೇರೆಯವರ ಪಾಲಿಸಿ ಹಿಡಿದುಕೊಂಡು 'ಇದನ್ನು ಬದಲಾಯಿಸಲಾ' ಅಂತ ಬರುವವರು. ಪೂರ್ತಿ ಓದಿ. ಚೆನ್ನಾಗಿದ್ದರೆ ಹಾಗೇ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸಿ, ನಿಮಗೆ ಒಂದು ಪೈಸೆ ಬರದಿದ್ದರೂ. ನಿಜವಾಗಿ ಬದಲಾಯಿಸಬೇಕು ಅಂತಿದ್ದರೆ ರಿನ್ಯೂವಲ್‌ಗೆ ಸಾಕಷ್ಟು ಮೊದಲೇ ಪೋರ್ಟ್ ಮಾಡಲು (ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಲು) ಅರ್ಜಿ ಹಾಕಿಸಿ, ಕಳೆದಿರುವ ವೇಟಿಂಗ್ ಪೀರಿಯಡ್ ಲೆಕ್ಕಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಹೊಸ ಕಂಪನಿ ಒಪ್ಪಿ ಪಾಲಿಸಿ ಕೈಗೆ ಕೊಡುವವರೆಗೂ ಹಳೆಯದನ್ನು ನಿಲ್ಲಿಸಲು ಬಿಡಬೇಡಿ.